ಚಿತ್ರದಿಂದ ಅಳಿಸುವುದು, ದಾಖಲೆಯಿಂದ ಅಳಿಸುವುದು



ದಶಲಕ್ಷಣ ಪರ್ವದಲ್ಲಿ ಉತ್ತಮ ಸತ್ಯದ ದಿನ ಬಂದಾಗ ನುಡಿಯ ಸತ್ಯವನ್ನು ಕುರಿತು ಉಪನ್ಯಾಸ ನಡೆಯುವುದು ವಾಡಿಕೆ. ಈ ದಿನದ ವಿಷಯ ಚಿತ್ರದ ಸತ್ಯ. ಇಂದು ಒಂದು ಕುಟುಂಬ ತನ್ನ ಬಗ್ಗೆ ಹೇಳಿಕೊಳ್ಳುವುದರಲ್ಲಿ ಹೆಚ್ಚಿನ ಪಾಲು ಮಾತಿನಲ್ಲಿಲ್ಲ, ದೂರವಾಣಿಯಲ್ಲಿ ಕೂಡಿಟ್ಟ ಛಾಯಾಚಿತ್ರಗಳಲ್ಲಿದೆ. ಮುಂಬಯಿ, ಪುಣೆ, ಚೆನ್ನೈಗಳಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಅಜ್ಜನ ತೊಟ್ಟಿಮನೆ, ಊರಿನ ಬಸದಿ, ಬಸದಿಯ ಮುಂದಿನ ಮಾನಸ್ತಂಭ ಇವೆಲ್ಲ ಬಹುಪಾಲು ಚಿತ್ರಗಳ ಮೂಲಕವೇ ಪರಿಚಿತ. ಆದ್ದರಿಂದ ಆ ಚಿತ್ರಗಳಿಂದ ಏನನ್ನು ತೆಗೆಯಲಾಗುತ್ತಿದೆ ಎಂಬುದು ಕೇವಲ ಸೌಂದರ್ಯದ ಪ್ರಶ್ನೆಯಾಗಿ ಉಳಿದಿಲ್ಲ.

ಮೊದಲು ಎಲ್ಲರೂ ಬಲ್ಲ ಒಂದು ಸಂದರ್ಭವನ್ನು ತೆಗೆದುಕೊಳ್ಳಬಹುದು. ಒಂದು ಕುಟುಂಬ ಶ್ರವಣಬೆಳಗೊಳಕ್ಕೆ ಹೋಗಿದೆ. ವಿಂಧ್ಯಗಿರಿಯ ಆರು ನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಿ, ಐವತ್ತೆಂಟು ಅಡಿ ಎತ್ತರದ ಬಾಹುಬಲಿಯ ಪಾದದ ಬಳಿ ಎಲ್ಲರೂ ನಿಂತು ಚಿತ್ರ ತೆಗೆಸಿಕೊಂಡಿದ್ದಾರೆ. ಮನೆಗೆ ಬಂದು ನೋಡಿದರೆ ಮೂಲೆಯಲ್ಲಿ ಯಾರೋ ಅಪರಿಚಿತರ ಬೆನ್ನು, ನೆಲದ ಮೇಲೆ ನೀರಿನ ಬಾಟಲಿ, ಮೇಲ್ಭಾಗದಲ್ಲಿ ವಿದ್ಯುತ್ ತಂತಿ. ಮನೆಯ ಹುಡುಗಿ ದೂರವಾಣಿಯನ್ನು ಕೈಗೆತ್ತಿಕೊಂಡು ಆ ಮೂರರ ಮೇಲೂ ಬೆರಳಾಡಿಸುತ್ತಾಳೆ. ಕೆಲವು ಕ್ಷಣಗಳಲ್ಲಿ ಮೂರೂ ಮಾಯವಾಗುತ್ತವೆ. ಎಲ್ಲರಿಗೂ ಸಂತೋಷ. ಇದರಲ್ಲಿ ದೋಷವೇನೂ ಇಲ್ಲ. ಆದರೆ ಆ ಕ್ಷಣಗಳಲ್ಲಿ ಏನು ನಡೆಯಿತು ಎಂಬುದನ್ನು ತಿಳಿಯದೆ ಮುಂದಿನ ವಿಚಾರವನ್ನು ಮಾಡುವುದು ಸಾಧ್ಯವಿಲ್ಲ.

ಜನಸಾಮಾನ್ಯರ ಭಾವನೆಯಲ್ಲಿ ಅಳಿಸುವುದೆಂದರೆ ಮುಂದಿರುವ ಪರದೆಯನ್ನು ಸರಿಸಿ ಹಿಂದಿರುವುದನ್ನು ತೋರಿಸುವುದು. ತಂತ್ರಾಂಶ ಹಾಗೆ ಮಾಡುವುದಿಲ್ಲ; ಮಾಡಲೂ ಆರದು. ಅಪರಿಚಿತ ವ್ಯಕ್ತಿಯ ಬೆನ್ನಿನ ಹಿಂದೆ ಏನಿತ್ತು ಎಂಬುದು ಕ್ಯಾಮೆರಾಕ್ಕೆ ಎಂದೂ ಕಾಣಲಿಲ್ಲ. ಆ ಜಾಗದ ಬೆಳಕು ಮಸೂರದೊಳಗೆ ಬರಲೇ ಇಲ್ಲ. ಆದ್ದರಿಂದ ತಂತ್ರಾಂಶ ಎರಡು ಕೆಲಸ ಮಾಡುತ್ತದೆ. ಗುರುತಿಸಿದ ಭಾಗದ ಚಿತ್ರಬಿಂದುಗಳನ್ನು ತೆಗೆದುಹಾಕುತ್ತದೆ. ಖಾಲಿಯಾದ ಜಾಗವನ್ನು ತನ್ನ ಊಹೆಯಿಂದ ತುಂಬುತ್ತದೆ. ಪ್ರತಿಯೊಂದು ಅಳಿಸುವಿಕೆಯೂ ಒಂದು ಸೇರಿಸುವಿಕೆ.

ಈ ಊಹೆಯ ಚರಿತ್ರೆ ದೀರ್ಘವಾದುದೇನಲ್ಲ. ಥಾಮಸ್ ನೋಲ್ ಮತ್ತು ಜಾನ್ ನೋಲ್ ಸಹೋದರರು ರೂಪಿಸಿದ ಫೋಟೋಶಾಪ್ 1990ರಲ್ಲಿ ಮಾರುಕಟ್ಟೆಗೆ ಬಂತು. ಆಗ ಚಿತ್ರದ ಒಂದು ಕಡೆಯ ತುಣುಕನ್ನು ಕೈಯಾರೆ ಎತ್ತಿ ಇನ್ನೊಂದು ಕಡೆ ಒತ್ತಬೇಕಾಗಿತ್ತು. ತಾಸುಗಟ್ಟಲೆ ತಾಳ್ಮೆ ಬೇಕಾಗಿತ್ತು. 2000ನೆಯ ಇಸವಿಯಲ್ಲಿ ಬರ್ಟಾಲ್ಮಿಯೊ ಮತ್ತು ಅವರ ಸಹೋದ್ಯೋಗಿಗಳು, ಹಾಳಾದ ವರ್ಣಚಿತ್ರಗಳನ್ನು ದುರಸ್ತಿ ಮಾಡುವ ಕುಶಲಿಗಳ ಕ್ರಮವನ್ನು ಗಣಿತಕ್ಕೆ ಇಳಿಸಿದರು. ಕುಶಲಿಗಳು ಬಿರುಕಿನ ಅಂಚಿನಿಂದ ಒಳಕ್ಕೆ ರೇಖೆಗಳನ್ನು ಮುಂದುವರಿಸುತ್ತಾರೆ. ಗಣಕವೂ ಹಾಗೆಯೇ ಮಾಡಲು ಕಲಿತದ್ದು ಅಂದಿನಿಂದ. 2002ರ ಫೋಟೋಶಾಪ್ ಆವೃತ್ತಿಯಲ್ಲಿ ಸುತ್ತಲಿನ ಬಣ್ಣ ಮತ್ತು ಬೆಳಕಿಗೆ ತೇಪೆಯನ್ನು ತಾನೇ ಹೊಂದಿಸುವ ಕುಂಚ ಬಂತು. 2009ರಲ್ಲಿ ಪ್ರಕಟವಾದ ಪ್ಯಾಚ್‌ಮ್ಯಾಚ್ ಎಂಬ ಗಣನಕ್ರಮವು ಚಿತ್ರದ ಬೇರೆ ಭಾಗಗಳಲ್ಲಿ ಹೋಲುವ ತುಣುಕುಗಳನ್ನು ಅತಿ ವೇಗವಾಗಿ ಹುಡುಕುವ ದಾರಿ ತೋರಿಸಿತು. ಅದರ ಫಲವಾಗಿ 2010ರ ಫೋಟೋಶಾಪ್ ಸಿಎಸ್ 5ರಲ್ಲಿ ಒಂದೇ ಆಜ್ಞೆಯಿಂದ ಖಾಲಿ ಜಾಗ ತುಂಬುವ ಸೌಲಭ್ಯ ದೊರೆಯಿತು. 2021ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 6 ದೂರವಾಣಿಯಲ್ಲಿ ಮ್ಯಾಜಿಕ್ ಇರೇಸರ್ ಕೊಟ್ಟಿತು. 2024ರ ಹೊತ್ತಿಗೆ ಅದು ಗೂಗಲ್ ಫೋಟೋಸ್ ಬಳಸುವ ಸಾಮಾನ್ಯರಿಗೂ ಉಚಿತವಾಯಿತು. ಅದೇ ವರ್ಷ ಆಪಲ್ ಕೂಡ ಐಓಎಸ್ 18.1ರೊಂದಿಗೆ ಕ್ಲೀನ್ ಅಪ್ ಎಂಬ ಸಾಧನವನ್ನು ನೀಡಿತು.

ಮೊದಲಿನ ಸಾಧನಗಳಿಗೂ ಈಗಿನವಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಹಳೆಯ ಸಾಧನಗಳು ಅದೇ ಚಿತ್ರದ ಬೇರೆ ತುಣುಕನ್ನು ಸಾಲ ತರುತ್ತಿದ್ದವು. ಆದ್ದರಿಂದ ಒಂದೇ ಎಲೆ ಎರಡು ಕಡೆ, ಒಂದೇ ಕಲ್ಲಿನ ಕಲೆ ಮೂರು ಕಡೆ ಕಂಡು ಮೋಸ ಬಯಲಾಗುತ್ತಿತ್ತು. ಈಗಿನ ಕೃತಕ ಬುದ್ಧಿಮತ್ತೆಯ ಸಾಧನಗಳು ಲಕ್ಷಾಂತರ ಬೇರೆ ಚಿತ್ರಗಳಿಂದ ಕಲಿತ ಮಾದರಿಯ ಮೇಲೆ ಹೊಸತನ್ನೇ ಹುಟ್ಟಿಸುತ್ತವೆ. ಬಂಡೆ ಇರಬೇಕಾದಲ್ಲಿ ಬಂಡೆಯಂತಹುದು, ಕಂಬ ಇರಬೇಕಾದಲ್ಲಿ ಕಂಬದಂತಹುದು ಹುಟ್ಟುತ್ತದೆ. ಆದರೂ ಕುರುಹು ಉಳಿಯುತ್ತದೆ. ವ್ಯಕ್ತಿಯನ್ನು ತೆಗೆದರೂ ನೆಲದ ಮೇಲೆ ಆತನ ನೆರಳು ಉಳಿಯಬಹುದು. ಹಿಂದಿನ ಕನ್ನಡಿಯಲ್ಲಿ ಪ್ರತಿಬಿಂಬ ಉಳಿಯಬಹುದು. ಇನ್ನೊಬ್ಬರ ಹೆಗಲ ಮೇಲೆ ಆತನ ಬೆರಳುಗಳು ಉಳಿಯಬಹುದು.

ಚಂದ್ರಗಿರಿಯ ಬಂಡೆಯ ಮೇಲಿನ ಶಾಸನವೊಂದರ ಚಿತ್ರವನ್ನು ಯಾತ್ರಿಕರೊಬ್ಬರು ತೆಗೆದರೆನ್ನಿ. ರಕ್ಷಣೆಗೆ ಹಾಕಿದ ಸಲಾಕೆಯ ನೆರಳು ಅಕ್ಷರಗಳ ಮೇಲೆ ಬಿದ್ದಿದೆ. ಅದನ್ನು ಅಳಿಸಲು ಹೋದರೆ ತಂತ್ರಾಂಶ ಆ ಜಾಗದಲ್ಲಿ ಹಳಗನ್ನಡದ ಅಕ್ಷರಗಳಂತೆ ತೋರುವ ಗೀರುಗಳನ್ನು ಮೂಡಿಸಬಹುದು. ಅವು ಯಾವ ಲಿಪಿಯೂ ಅಲ್ಲ, ಯಾವ ಅರ್ಥವೂ ಅವಕ್ಕಿಲ್ಲ. ಆದರೆ ನೋಡಿದವರಿಗೆ ಶಾಸನ ಪೂರ್ಣವಾಗಿರುವಂತೆ ಕಾಣುತ್ತದೆ.

ಶಾಸನಗಳನ್ನು ಓದುವ ವಿದ್ವಾಂಸರ ಕ್ರಮ ಇದಕ್ಕೆ ತೀರ ವಿರುದ್ಧವಾದುದು. ಶ್ರವಣಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸ್ 1889ರಲ್ಲಿ ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದರು. ಎಪಿಗ್ರಾಫಿಯ ಕರ್ನಾಟಿಕದ ಪುಟಗಳನ್ನು ತೆರೆದವರು ಸಾಲುಗಳ ನಡುವೆ ಚುಕ್ಕಿಗಳನ್ನು ಕಂಡಿರುತ್ತಾರೆ. ಕಲ್ಲು ಒಡೆದು ಅಕ್ಷರ ಹೋದಲ್ಲಿ ಸಂಪಾದಕರು ಚುಕ್ಕಿ ಇಡುತ್ತಾರೆ. ಹೋದ ಅಕ್ಷರ ಯಾವುದೆಂದು ಖಚಿತವಾಗಿ ಊಹಿಸಬಲ್ಲರಾದರೂ ಊಹೆಯನ್ನು ಆವರಣ ಚಿಹ್ನೆಯೊಳಗೆ ಹಾಕುತ್ತಾರೆ. ಕಲ್ಲಿನಲ್ಲಿ ಇದ್ದುದು ಯಾವುದು, ಸಂಪಾದಕ ಸೇರಿಸಿದ್ದು ಯಾವುದು ಎಂಬುದು ಓದುಗನಿಗೆ ತಿಳಿಯಲೆಂದು. ಮೂಡಬಿದಿರೆಯಲ್ಲಿ ಶತಮಾನಗಳ ಕಾಲ ಕಾಪಾಡಲಾದ ಧವಲಾದ ತಾಡವಾಲೆಗಳಂತಹ ಹಸ್ತಪ್ರತಿಗಳನ್ನು ಸಂಪಾದಿಸುವವರ ಶಿಸ್ತೂ ಇದೇ. ತಿಳಿಯದುದನ್ನು ತಿಳಿಯದು ಎಂದು ಬಿಡುವುದು ಆ ಶಿಸ್ತು. ಆ ಪರಂಪರೆಯ ವಾರಸುದಾರರ ಕೈಯಲ್ಲಿ ಈಗ ಚುಕ್ಕಿ ಇಡಲು ಬಾರದ ಸಾಧನವಿದೆ.

ಹಾಗಾದರೆ ಈ ಸಾಧನವನ್ನು ಮುಟ್ಟಲೇಬಾರದೇ? ಹಾಗೆ ಹೇಳುವುದು ಅತಿಯಾದೀತು. ಅಜ್ಜಿಯ ಮದುವೆಯ ಚಿತ್ರದ ಮೇಲೆ ಗೆದ್ದಲು ತಿಂದ ಗುರುತು, ಗೀರು, ಬೂಷ್ಟಿನ ಕಲೆ ಇದ್ದರೆ ಅದನ್ನು ತೆಗೆಯುವುದು ಯೋಗ್ಯವಾದ ಕೆಲಸ. ಗೀರು ಅಜ್ಜಿಯ ಮದುವೆಯಲ್ಲಿ ಇರಲಿಲ್ಲ. ಕಾಗದದ ಮೇಲೆ ಆಮೇಲೆ ಬಂದದ್ದು. ಮಸೂರದ ಮೇಲಿನ ಧೂಳಿನ ಚುಕ್ಕೆಯೂ ಹಾಗೆಯೇ. ಯಾತ್ರೆಯ ಚಿತ್ರದಲ್ಲಿ ಅಪರಿಚಿತರ ಮಗುವಿನ ಮುಖ ಸ್ಪಷ್ಟವಾಗಿ ಬಂದಿದ್ದರೆ, ಅದನ್ನು ಜಾಲತಾಣಕ್ಕೆ ಏರಿಸುವ ಮೊದಲು ಅಳಿಸುವುದು ಸೌಜನ್ಯವೂ ಹೌದು. ಗೋಡೆಗೆ ಹಾಕುವ ಚಿತ್ರದಿಂದ ಕಸದ ಬುಟ್ಟಿಯನ್ನು ತೆಗೆದರೆ ಯಾರಿಗೂ ಹಾನಿಯಿಲ್ಲ. ಈ ಎಲ್ಲ ಸಂದರ್ಭಗಳಲ್ಲಿ ಚಿತ್ರ ಯಾವ ಮಾತನ್ನು ಹೇಳಲು ಹೊರಟಿದೆಯೋ ಆ ಮಾತು ಬದಲಾಗುವುದಿಲ್ಲ.

ತೊಡಕು ಆರಂಭವಾಗುವುದು ಚಿತ್ರ ಸಾಕ್ಷಿಯಾಗಿ ನಿಲ್ಲುವ ಕಡೆ. ಇದರಲ್ಲಿ ಪತ್ರಿಕಾರಂಗದ ಶಿಸ್ತು ಕಠಿಣವಾದುದು. ನಾರ್ಸಿಸೊ ಕಾಂಟ್ರೆರಾಸ್ ಎಂಬ ಛಾಯಾಗ್ರಾಹಕ ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆಗೆ ಸಿರಿಯಾದ ಯುದ್ಧದ ಚಿತ್ರಗಳನ್ನು ತೆಗೆದವರು; 2013ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ತಂಡದಲ್ಲಿದ್ದವರು. ಒಂದು ಚಿತ್ರದ ಕೆಳಮೂಲೆಯಲ್ಲಿ ಸಹೋದ್ಯೋಗಿಯೊಬ್ಬರ ವಿಡಿಯೋ ಕ್ಯಾಮೆರಾ ಬಂದಿತ್ತು. ಅದನ್ನು ಅಳಿಸಿ ಸುತ್ತಲಿನ ಮಣ್ಣುಕಲ್ಲುಗಳ ತುಣುಕನ್ನು ಅಲ್ಲಿ ಹಚ್ಚಿದರು. ಯುದ್ಧದ ಬಗ್ಗೆ ಚಿತ್ರ ಹೇಳುವ ಮಾತು ಅದರಿಂದ ಬದಲಾಗಲಿಲ್ಲವೆಂದು ಯಾರಾದರೂ ವಾದಿಸಬಹುದು. ಆದರೆ 2014ರ ಜನವರಿಯಲ್ಲಿ ಸಂಸ್ಥೆ ಅವರೊಂದಿಗಿನ ಸಂಬಂಧವನ್ನು ಕಡಿದುಕೊಂಡಿತು. ಅವರ ಉಳಿದ ನೂರಾರು ಚಿತ್ರಗಳನ್ನು ಪರಿಶೀಲಿಸಿ ಬೇರೆ ತಿದ್ದುಪಡಿ ಇಲ್ಲವೆಂದು ಕಂಡುಕೊಂಡರೂ ನಿರ್ಧಾರ ಬದಲಾಗಲಿಲ್ಲ. ಒಂದು ವಸ್ತುವನ್ನು ಅಳಿಸಿದವರ ಮಿಕ್ಕ ಚಿತ್ರಗಳನ್ನೂ ಜನ ಅನುಮಾನದಿಂದ ನೋಡುತ್ತಾರೆ ಎಂಬುದು ಆ ನಿರ್ಧಾರದ ಹಿಂದಿನ ವಿವೇಕ.

ರಾಜಕಾರಣದಲ್ಲಿ ಈ ವಿದ್ಯೆ ಗಣಕಕ್ಕಿಂತ ಹಳೆಯದು. 1937ರಲ್ಲಿ ಮಾಸ್ಕೋ–ವೋಲ್ಗಾ ಕಾಲುವೆಯ ದಂಡೆಯ ಮೇಲೆ ಸ್ಟಾಲಿನ್ನನ ಪಕ್ಕದಲ್ಲಿ ಗುಪ್ತ ಪೊಲೀಸ್ ಪಡೆಯ ಮುಖ್ಯಸ್ಥ ನಿಕೊಲಾಯ್ ಯೆಝೋವ್ ನಡೆಯುತ್ತಿದ್ದ. ಆತ ಅಧಿಕಾರ ಕಳೆದುಕೊಂಡು 1940ರಲ್ಲಿ ಗುಂಡಿಗೆ ಬಲಿಯಾದ. ಆಮೇಲೆ ಪ್ರಕಟವಾದ ಅದೇ ಚಿತ್ರದಲ್ಲಿ ಆತ ನಿಂತಿದ್ದ ಜಾಗದಲ್ಲಿ ಕಾಲುವೆಯ ನೀರಿತ್ತು. ಯೆಝೋವ್ ಸಹಾನುಭೂತಿಗೆ ಅರ್ಹನಲ್ಲ. ಅಸಂಖ್ಯ ನಿರಪರಾಧಿಗಳ ಮರಣಕ್ಕೆ ಆತನೂ ಕಾರಣ. ಆದರೆ ಆತನನ್ನು ಚಿತ್ರದಿಂದ ತೆಗೆದದ್ದರಿಂದ ಅಳಿದದ್ದು ಸ್ಟಾಲಿನ್ನನೊಂದಿಗೆ ಆತನಿಗಿದ್ದ ಸಾಮೀಪ್ಯದ ಸಾಕ್ಷಿ. ಚಿತ್ರದಿಂದ ಯಾರನ್ನಾದರೂ ತೆಗೆದಾಗ ಲಾಭ ಯಾವಾಗಲೂ ಚಿತ್ರದಲ್ಲಿ ಉಳಿದವರಿಗೆ. ಈ ಸೂತ್ರವನ್ನು ನೆನಪಿನಲ್ಲಿಟ್ಟುಕೊಂಡು ಮನೆಯೊಳಗೆ ಬರಬೇಕು.

ಜೈನ ಆಚಾರಶಾಸ್ತ್ರ ಈ ವಿಷಯದಲ್ಲಿ ಮೌನವಾಗಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕನ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಲಾಗಿದೆ. ಅವುಗಳಲ್ಲಿ ಎರಡು ಈ ವಿಷಯಕ್ಕೆ ನೇರವಾಗಿ ಅನ್ವಯಿಸುತ್ತವೆ. ಒಂದು ಕೂಟಲೇಖಕ್ರಿಯೆ, ಅಂದರೆ ಸುಳ್ಳು ದಾಖಲೆಯನ್ನು ರಚಿಸುವುದು. ಇನ್ನೊಂದು ನ್ಯಾಸಾಪಹಾರ. ಇದನ್ನು ವಿವರಿಸುವ ಕ್ರಮ ಸ್ವಾರಸ್ಯವಾದುದು. ಒಬ್ಬನು ಇನ್ನೊಬ್ಬನಲ್ಲಿ ಹಣವನ್ನು ನಂಬಿಕೆಯಿಂದ ಇಟ್ಟಿದ್ದಾನೆ. ಕಾಲಾಂತರದಲ್ಲಿ ಇಟ್ಟ ಮೊತ್ತವನ್ನು ಮರೆತು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ಹೌದು, ಅಷ್ಟೇ ಎಂದು ಕಡಿಮೆಯನ್ನೇ ಕೊಟ್ಟು ಕಳುಹಿಸುತ್ತಾನೆ. ಆತ ಕದಿಯಲು ಹೋಗಲಿಲ್ಲ. ಎದುರಿನವನ ಮರೆವಿನ ಲಾಭ ಪಡೆದ ಅಷ್ಟೇ. ಶಾಸ್ತ್ರ ಅದನ್ನೂ ಸತ್ಯವ್ರತದ ದೋಷವೆಂದೇ ಎಣಿಸುತ್ತದೆ.

ಕುಟುಂಬದ ಚಿತ್ರಸಂಪುಟವೂ ಇಂತಹ ಒಂದು ನ್ಯಾಸ. ಹಿಂದಿನವರು ತಮ್ಮ ಮುಖಗಳನ್ನು ಅಲ್ಲಿ ಇಟ್ಟು ಹೋಗಿದ್ದಾರೆ. ಅದನ್ನು ಕೇಳಿ ಪಡೆಯಬೇಕಾದವರು ಮೊಮ್ಮಕ್ಕಳು. ಎಷ್ಟು ಇಡಲಾಗಿತ್ತು ಎಂಬುದು ಮೊಮ್ಮಕ್ಕಳಿಗೆ ತಿಳಿಯದು. ನಡುವಿನ ತಲೆಮಾರು ಒಂದು ಮುಖವನ್ನು ಕಡಿಮೆ ಮಾಡಿ ಕೊಟ್ಟರೆ ಕೇಳುವವರಿಲ್ಲ.

ಹೀಗೊಂದು ಸನ್ನಿವೇಶವನ್ನು ಊಹಿಸಿಕೊಳ್ಳಬಹುದು. ಮನೆಯ ಹಿರಿಯರೊಬ್ಬರು ತೀರಿಕೊಂಡಿದ್ದಾರೆ. ಅವರ ಸ್ಮರಣೆಗೆ ಒಂದು ಪುಸ್ತಿಕೆ ಸಿದ್ಧವಾಗುತ್ತಿದೆ. ಮುಖಪುಟಕ್ಕೆ ಎಪ್ಪತ್ತರ ದಶಕದ ಒಂದು ಗುಂಪುಚಿತ್ರ ಆಯ್ಕೆಯಾಗಿದೆ. ಅಂಚಿನಲ್ಲಿ ಹಿರಿಯರ ತಂಗಿ ಒಂದು ಮಗುವಿನ ಕೈ ಹಿಡಿದು ನಿಂತಿದ್ದಾಳೆ. ಮುಂದೆ ಆಕೆ ಸಮಾಜದ ಹೊರಗೆ ಮದುವೆಯಾದಳು. ಮನೆಯವರು ಸಂಬಂಧ ಬಿಟ್ಟರು. ಪುಸ್ತಿಕೆ ಸಿದ್ಧಪಡಿಸುವವರಿಗೆ ಆಕೆಯ ಮುಖ ಬೇಡ. ಹಿಂದೆ ಇಂತಹ ಚಿತ್ರವನ್ನು ಕತ್ತರಿಯಿಂದ ಕತ್ತರಿಸುತ್ತಿದ್ದರು. ಕತ್ತರಿಸಿದ ಅಂಚು ಕಣ್ಣಿಗೆ ಕಾಣುತ್ತಿತ್ತು. ಯಾರನ್ನೋ ತೆಗೆಯಲಾಗಿದೆ ಎಂಬ ಮಾತನ್ನು ಆ ಅಂಚೇ ಹೇಳುತ್ತಿತ್ತು. ಈಗ ಬೆರಳಾಡಿಸಿದರೆ ಆಕೆಯ ಜಾಗದಲ್ಲಿ ಮನೆಯ ಗೋಡೆ ಬೆಳೆಯುತ್ತದೆ. ಮಗುವಿನ ಕೈ ಮಾತ್ರ ಮೇಲಕ್ಕೆ ಎತ್ತಿದಂತೆಯೇ ಉಳಿಯುತ್ತದೆ. ಮುಂದೊಂದು ದಿನ ಹೈದರಾಬಾದಿನಲ್ಲಿ ಬೆಳೆದ ಮೊಮ್ಮಗಳು ಈ ಮಗು ಯಾರ ಕೈ ಹಿಡಿದಿದೆ ಎಂದು ಕೇಳಿದರೆ ಉತ್ತರಿಸುವವರು ಯಾರು?

ಚಂದ್ರಗಿರಿಯ ಬಂಡೆಗಳ ಮೇಲೆ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನ ನಿಸಿದಿ ಶಾಸನಗಳಿವೆ. ಸಲ್ಲೇಖನದಿಂದ ದೇಹ ಬಿಟ್ಟವರ ಹೆಸರುಗಳನ್ನು ಅಲ್ಲಿ ಕೊರೆಯಲಾಗಿದೆ. ಮುನಿಗಳ ಹೆಸರುಗಳ ಜೊತೆಗೆ ಗಂತಿಯರ ಹೆಸರುಗಳೂ ಇವೆ. ಅರಸರೂ ಅಲ್ಲದ, ಸಿರಿವಂತರೂ ಅಲ್ಲದ ಸ್ತ್ರೀಯರ ಹೆಸರನ್ನು ಗಟ್ಟಿ ಕಲ್ಲಿನಲ್ಲಿ ಕೊರೆಯುವಷ್ಟು ಶ್ರಮವನ್ನು ಅಂದಿನ ಸಮಾಜ ತೆಗೆದುಕೊಂಡಿತು. ಅದೇ ಸಮಾಜದ ಮನೆಗಳಲ್ಲಿ ಇಂದು ವಿಚ್ಛೇದನ ಪಡೆದ ಸೊಸೆ ಮದುವೆಯ ಚಿತ್ರಗಳಿಂದ ಮಾಯವಾಗುತ್ತಾಳೆ. ವಿಧವೆಯಾದ ಅತ್ತೆ ಮಂಗಳ ಕಾರ್ಯದ ಚಿತ್ರದ ಅಂಚಿನಿಂದ ಮಾಯವಾಗುತ್ತಾಳೆ. ಇಂತಹ ಕಡೆ ತಂತ್ರಾಂಶ ತೆಗೆದುಹಾಕುವುದನ್ನು ಬೇಡವಾದ ವಸ್ತು ಎಂದು ಕರೆಯುವುದಾದರೆ ಬೇಡವೆಂದವರು ಯಾರು ಎಂಬ ಪ್ರಶ್ನೆಯನ್ನು ಸುಧಾರಣೆಯ ಮಾತನಾಡುವವರೆಲ್ಲ ಕೇಳಲೇಬೇಕು.

ವಿವಾಹ ಸಂಬಂಧಕ್ಕಾಗಿ ಕಳುಹಿಸುವ ಚಿತ್ರಗಳದು ಇನ್ನೊಂದು ಅಧ್ಯಾಯ. ಹುಡುಗಿಯ ಮುಖದ ಮಚ್ಚೆ, ಕನ್ನಡಕ, ಸುಟ್ಟ ಗಾಯದ ಗುರುತು, ತೊನ್ನಿನ ಬಿಳಿ ಕಲೆ ಇವನ್ನೆಲ್ಲ ಚಿತ್ರಶಾಲೆಯವರು ಕೇಳದೆಯೇ ಅಳಿಸಿ ಕೊಡುವ ಕಾಲ ಬಂದಿದೆ. ಮೈಬಣ್ಣವನ್ನು ಎರಡು ಛಾಯೆ ತಿಳಿಗೊಳಿಸುವುದು ಶುಲ್ಕವಿಲ್ಲದ ಸೇವೆಯಾಗಿದೆ. ಮುಖಾಮುಖಿ ಭೇಟಿಯಾದಾಗ ಸತ್ಯ ತಿಳಿಯುತ್ತದೆ. ಆಗ ಮೋಸ ಮಾಡಿದಿರಿ ಎಂಬ ಮಾತು ಚಿತ್ರಶಾಲೆಯವರಿಗೂ ತಗಲುವುದಿಲ್ಲ, ಕಳುಹಿಸಿದ ಹಿರಿಯರಿಗೂ ತಗಲುವುದಿಲ್ಲ; ತಾನು ಕೇಳದ ತಿದ್ದುಪಡಿಯ ದಂಡವನ್ನು ಹುಡುಗಿ ಕೊಡುತ್ತಾಳೆ. ಅದಕ್ಕಿಂತ ಆಳವಾದ ಗಾಯ ಇನ್ನೊಂದಿದೆ. ತನ್ನ ಹೆತ್ತವರ ಕಣ್ಣಿನಲ್ಲೇ ತನ್ನ ಮುಖದ ಒಂದು ಭಾಗ ಅಳಿಸತಕ್ಕದ್ದು ಎಂಬ ತಿಳಿವು ಆಕೆಗೆ ಅಂದೇ ಮುಟ್ಟುತ್ತದೆ. ಸಮಾಜದ ವಧೂವರ ಮೇಳಗಳು ತಿದ್ದದ ಚಿತ್ರಗಳನ್ನು ಮಾತ್ರ ಸ್ವೀಕರಿಸುವ ಒಂದು ನಿಯಮವನ್ನು ಮಾಡಿದರೆ ಅದಕ್ಕೆ ಹಣ ಬೇಕಿಲ್ಲ, ಮನಸ್ಸು ಸಾಕು.

ಶ್ರಮಿಕರ ವಿಷಯವನ್ನೂ ಇಲ್ಲಿ ಸೇರಿಸಬೇಕು. ಮಹಾಮಸ್ತಕಾಭಿಷೇಕದ ಕಾಲದಲ್ಲಿ ಬಾಹುಬಲಿಯ ಮೂರ್ತಿಯ ಹಿಂದೆ ಬೃಹತ್ತಾದ ಅಟ್ಟಣಿಗೆ ಏಳುತ್ತದೆ. ಅದರ ಮೇಲೆ ಹತ್ತಿ ನಿಂತವರು ಕಲಶಗಳ ಧಾರೆ ಎರೆಯುತ್ತಾರೆ. 2018ರ ಅಭಿಷೇಕದ ಚಿತ್ರಗಳಲ್ಲೂ ಆ ಅಟ್ಟಣಿಗೆ ಕಾಣುತ್ತದೆ. ಅದನ್ನು ಅಳಿಸಿದರೆ ಹಾಲು ಆಕಾಶದಿಂದಲೇ ಸುರಿದಂತೆ ತೋರೀತು, ಭಕ್ತಿಗೆ ಹಿತವಾದೀತು. ಆದರೆ ಅಟ್ಟಣಿಗೆಯನ್ನು ಕಟ್ಟಿದವರೂ ಅದರೊಂದಿಗೆ ಅಳಿಯುತ್ತಾರೆ. ಮೆಟ್ಟಿಲು ಹತ್ತಲಾರದ ವೃದ್ಧರನ್ನು ಡೋಲಿಯಲ್ಲಿ ಹೊತ್ತು ತಂದವರು ಚಿತ್ರದ ಅಂಚಿನಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತಿದ್ದರೆ ಅವರನ್ನು ತೆಗೆದು ಅಜ್ಜಿಯನ್ನು ಒಬ್ಬಳನ್ನೇ ಬೆಟ್ಟದ ಮೇಲೆ ನಿಲ್ಲಿಸುವುದು ಎರಡು ಕ್ಷಣದ ಕೆಲಸ. ಅಜ್ಜಿ ಅಲ್ಲಿಗೆ ಹೇಗೆ ಬಂದಳು ಎಂಬ ಸತ್ಯ ಆ ಇಬ್ಬರಲ್ಲಿತ್ತು.

ಹಣದ ವ್ಯವಹಾರಕ್ಕೆ ಬಂದಾಗ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ. ಬಸದಿಗಳ ಜೀರ್ಣೋದ್ಧಾರಕ್ಕೆ ಪರಊರಿನ ಕುಟುಂಬಗಳು ಉದಾರವಾಗಿ ದಾನ ಮಾಡುತ್ತವೆ. ದಾನಿ ಸ್ಥಳಕ್ಕೆ ಹೋಗಿ ನೋಡುವುದು ಅಪರೂಪ. ಆತ ನಂಬುವುದು ಕಳುಹಿಸಿದ ಚಿತ್ರಗಳನ್ನು. ಕಾಮಗಾರಿ ಮುಗಿಯಿತೆಂದು ಕಳುಹಿಸಿದ ಚಿತ್ರದಿಂದ ಸಿಮೆಂಟು ಚೀಲಗಳನ್ನು, ಬಿರುಕನ್ನು, ಅರ್ಧಕ್ಕೆ ನಿಂತ ಗೋಡೆಯ ತುದಿಯನ್ನು ಅಳಿಸಿದ್ದರೆ ಆ ಚಿತ್ರ ಒಂದು ಸುಳ್ಳು ರಸೀದಿಗೆ ಸಮಾನ. ಅಳಿಸಿದವರ ಉದ್ದೇಶ ಚಿತ್ರ ಅಂದವಾಗಿರಲಿ ಎಂಬುದಷ್ಟೇ ಇರಬಹುದು. ಲೆಕ್ಕ ಪರಿಶೋಧನೆಯಲ್ಲಿ ರಸೀದಿಯ ಮೊತ್ತ ತಿದ್ದಿದವರ ಉದ್ದೇಶವನ್ನು ಆಮೇಲೆ ಕೇಳುತ್ತಾರೆ. ಮೊದಲು ರಸೀದಿಯನ್ನು ಬದಿಗಿಡುತ್ತಾರೆ.

ಇನ್ನೊಂದು ಅಪಾಯ ನಿಧಾನವಾಗಿ ಬರುವಂತಹುದು. ಬಸದಿಯ ಪೌಳಿಗೆ ಒತ್ತಿಕೊಂಡು ತಗಡಿನ ಮಾಡೊಂದು ಎದ್ದಿದೆ ಎನ್ನಿ. ಸ್ಮರಣ ಸಂಚಿಕೆಯ ಮುಖಪುಟಕ್ಕೆ ಅದು ಕುರೂಪವೆಂದು ಅಳಿಸಲಾಗುತ್ತದೆ. ಮೂಲ ಚಿತ್ರವನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಹತ್ತು ವರ್ಷದ ನಂತರ ಗಡಿಯ ವ್ಯಾಜ್ಯ ಎದ್ದಾಗ ಆ ಮಾಡು ಯಾವಾಗ ಬಂತು, ಎಷ್ಟು ಜಾಗ ಆಕ್ರಮಿಸಿತು ಎಂದು ತೋರಿಸಬೇಕಾದ ಚಿತ್ರವೇ ಅಂತಹ ಮಾಡು ಇರಲಿಲ್ಲವೆಂದು ಸಾಕ್ಷಿ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ವಿದ್ಯುನ್ಮಾನ ದಾಖಲೆಯೊಂದಿಗೆ ಪ್ರಮಾಣಪತ್ರವನ್ನು ಕೇಳುತ್ತದೆ. ಆ ಪ್ರಮಾಣಪತ್ರದ ನಮೂನೆಯಲ್ಲಿ ಹ್ಯಾಶ್ ಮೌಲ್ಯವನ್ನು ಬರೆಯಬೇಕು. ಹ್ಯಾಶ್ ಎಂದರೆ ಕಡತದ ಬೆರಳಚ್ಚು ಇದ್ದಂತೆ. ಒಂದೇ ಒಂದು ಚಿತ್ರಬಿಂದು ಬದಲಾದರೂ ಬೆರಳಚ್ಚು ಬೇರೆಯಾಗುತ್ತದೆ. ಸಾಕ್ಷಿಯಾಗಬಲ್ಲ ಚಿತ್ರದಲ್ಲಿ ಕಾಗೆಯನ್ನು ಅಳಿಸುವುದೂ ಉಚಿತವಲ್ಲ.

ಇದಕ್ಕೆ ಪರಿಹಾರವೇನು? ಲೆಕ್ಕಪತ್ರದ ಶಾಸ್ತ್ರ ಬಹುಕಾಲದ ಅನುಭವದಿಂದ ಒಂದು ನಿಯಮವನ್ನು ಕಂಡುಕೊಂಡಿದೆ. ಲೆಕ್ಕದ ಪುಸ್ತಕದಲ್ಲಿ ತಪ್ಪು ಬರೆದರೆ ಉಜ್ಜಿ ಅಳಿಸಬಾರದು. ತಪ್ಪು ಓದಲು ಬರುವಂತೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆದು ಸಹಿ ಹಾಕಬೇಕು. ಅಥವಾ ತಪ್ಪು ನಮೂದನ್ನು ಹಾಗೆಯೇ ಬಿಟ್ಟು ಅದನ್ನು ರದ್ದುಗೊಳಿಸುವ ಎದುರು ನಮೂದನ್ನು ಹಾಕಬೇಕು. ಗಣಕ ಬಂದ ಮೇಲೆ ಉಜ್ಜುವುದು ಸುಲಭವಾಯಿತು. ಅದಕ್ಕಾಗಿಯೇ 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶ ಪ್ರತಿಯೊಂದು ಬದಲಾವಣೆಯನ್ನೂ ದಿನಾಂಕ ಸಹಿತ ದಾಖಲಿಸಬೇಕು, ಆ ದಾಖಲೆಯನ್ನು ನಿಲ್ಲಿಸಲು ಬರಬಾರದು ಎಂಬ ನಿಯಮ ಜಾರಿಯಾಯಿತು. ತಿದ್ದುವುದನ್ನು ಕಾನೂನು ನಿಷೇಧಿಸಲಿಲ್ಲ. ತಿದ್ದಿದ ಹೆಜ್ಜೆಗುರುತನ್ನು ಅಳಿಸುವುದನ್ನು ನಿಷೇಧಿಸಿತು. ಕುಟುಂಬದ ಮತ್ತು ಸಮಾಜದ ಚಿತ್ರಗಳಿಗೂ ಈ ಒಂದು ನಿಯಮ ಸಾಕು.

ಅದನ್ನು ಆಚರಣೆಗೆ ತರುವುದು ಕಷ್ಟವಲ್ಲ.

ಮೊದಲನೆಯದು, ಮೂಲ ಚಿತ್ರವನ್ನು ಎಂದೂ ಕಳೆಯಬಾರದು. ತಿದ್ದಿದ ಚಿತ್ರವನ್ನು ಬೇರೆ ಪ್ರತಿಯಾಗಿ ಉಳಿಸಬೇಕು. ಐಫೋನಿನ ಚಿತ್ರಕೋಶದಲ್ಲಿ ತಿದ್ದುಪಡಿಯನ್ನು ಹಿಂತೆಗೆದು ಮೂಲಕ್ಕೆ ಮರಳುವ ಅವಕಾಶವಿದೆ. ಗೂಗಲ್ ಫೋಟೋಸ್‌ನಲ್ಲಿ ಪ್ರತಿಯಾಗಿ ಉಳಿಸುವ ಆಯ್ಕೆಯಿದೆ. ಮೂಲಗಳಿಗೆಂದೇ ಒಂದು ಕಡತಕೋಶವಿದ್ದು, ಅದರ ನಕಲು ಮನೆಯ ಇನ್ನೊಬ್ಬರ ಬಳಿ ಬೇರೆ ಊರಿನಲ್ಲಿದ್ದರೆ ಒಳಿತು. ವಾಟ್ಸಾಪ್‌ನಲ್ಲಿ ಮಾಮೂಲಾಗಿ ಹರಿದುಬಂದ ಚಿತ್ರ ಮೂಲವಲ್ಲ; ಅದು ಕುಗ್ಗಿಸಿದ ನಕಲು, ತೆಗೆದ ದಿನಾಂಕ ಸ್ಥಳಗಳ ವಿವರವೂ ಅದರಲ್ಲಿ ಉಳಿದಿರುವುದಿಲ್ಲ.

ಎರಡನೆಯದು, ಕಡತದ ಹೆಸರಿನಲ್ಲಿಯೇ ತಿದ್ದಿದ್ದು ಎಂಬ ಪದ ಸೇರಬೇಕು. ಮುದ್ರಿಸಿದಾಗ ಅಡಿಬರಹದಲ್ಲಿ ಹೇಳಬೇಕು: ಗೀರುಗಳನ್ನು ತೆಗೆಯಲಾಗಿದೆ, ಹಿನ್ನೆಲೆಯ ತಂತಿಗಳನ್ನು ಅಳಿಸಲಾಗಿದೆ ಎಂದು. ಶಾಸನ ಸಂಪಾದಕರ ಆವರಣ ಚಿಹ್ನೆ ಮಾಡುವ ಕೆಲಸವನ್ನೇ ಆ ಒಂದು ಸಾಲು ಮಾಡುತ್ತದೆ. 2024ರಿಂದ ಗೂಗಲ್ ಫೋಟೋಸ್ ತನ್ನ ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ತಿದ್ದಿದ ಚಿತ್ರದ ವಿವರಗಳಲ್ಲಿ ಆ ಸಂಗತಿಯನ್ನು ತೋರಿಸುತ್ತಿದೆ. ಯಂತ್ರವೇ ಒಪ್ಪಿಕೊಳ್ಳುವುದನ್ನು ಮನುಷ್ಯ ಮುಚ್ಚಿಡುವುದು ಶೋಭಿಸದು.

ಮೂರನೆಯದು, ಶಾಸನ, ಹಸ್ತಪ್ರತಿ, ಮೂರ್ತಿ, ಬಸದಿಯ ಗಡಿ, ಕಾಮಗಾರಿ, ದಾನದ ವರದಿ ಇವುಗಳ ಚಿತ್ರಗಳಲ್ಲಿ ಏನನ್ನೂ ಅಳಿಸಕೂಡದು. ಬೆಳಕನ್ನು ಸರಿಪಡಿಸಬಹುದು, ಅಂಚನ್ನು ಕತ್ತರಿಸಬಹುದು. ಒಳಗಿನದನ್ನು ಬದಲಾಯಿಸಬಾರದು. ಕಸ ಕಾಣುತ್ತಿದ್ದರೆ ಗುಡಿಸಿ ಮತ್ತೆ ಚಿತ್ರ ತೆಗೆಯುವುದು ಉತ್ತಮ, ಬಸದಿಯೂ ಶುಚಿಯಾಗುತ್ತದೆ.

ನಾಲ್ಕನೆಯದು, ಮನುಷ್ಯರನ್ನು ಅಳಿಸುವ ಮೊದಲು ನಿಲ್ಲಬೇಕು. ದಾರಿಹೋಕನ ವಿಷಯ ಬೇರೆ. ಆ ಚಿತ್ರದಲ್ಲಿ ಆತನಿಗೆ ಪಾತ್ರವಿಲ್ಲ. ಆದರೆ ಒಟ್ಟಿಗೆ ನಿಂತು ಚಿತ್ರ ತೆಗೆಸಿಕೊಂಡವರನ್ನು, ಜಗಳವಾಯಿತೆಂದೋ ಪದವಿ ಹೋಯಿತೆಂದೋ ಮದುವೆ ಮುರಿಯಿತೆಂದೋ ಆಮೇಲೆ ತೆಗೆಯಬಾರದು. ಆ ಚಿತ್ರ ಮನಸ್ಸಿಗೆ ನೋವು ಕೊಟ್ಟರೆ ತಿದ್ದದೆ ಬದಿಗಿಡಬಹುದು. ಸಮಾಜದ ಸಂಸ್ಥೆಗಳಲ್ಲಿ ಕಾರ್ಯಕಾರಿ ಸಮಿತಿ ಬದಲಾದಾಗ ಹಿಂದಿನ ಅಧ್ಯಕ್ಷರು ಶಿಲಾನ್ಯಾಸದ ಚಿತ್ರದಿಂದ ಕಣ್ಮರೆಯಾಗುವ ಪದ್ಧತಿಗೂ ಇದೇ ಮಾತು ಸಲ್ಲುತ್ತದೆ. ಕಾಲುವೆಯ ದಂಡೆಯ ಚಿತ್ರವನ್ನು ತಿದ್ದಿದವರನ್ನು ಲೋಕ ಯಾವ ಸಾಲಿನಲ್ಲಿ ಇಟ್ಟಿದೆ ಎಂಬುದನ್ನು ಅವರು ನೆನಪಿಸಿಕೊಳ್ಳಲಿ.

ಬಂಧುಗಳೇ, ಪರಸ್ಥಳದಲ್ಲಿ ನೆಲೆಸಿದ ಕುಟುಂಬಗಳಿಗೆ ಊರಿನಲ್ಲಿ ಜಮೀನು ಉಳಿದಿರುವುದು ಕಡಿಮೆ, ಮನೆ ಉಳಿದಿರುವುದು ಇನ್ನೂ ಕಡಿಮೆ. ಉಳಿದಿರುವುದು ಚಿತ್ರಗಳು. ಮಕ್ಕಳ ಕೈಗೆ ಹೋಗುವ ಆಸ್ತಿಯಲ್ಲಿ ಅವೂ ಒಂದು. ಈ ಸಂಜೆ ಮನೆಗೆ ಹೋದ ಮೇಲೆ ಪ್ರತಿ ಕುಟುಂಬವೂ ಮಾಡಬಹುದಾದ ಒಂದು ಕೆಲಸವಿದೆ. ಹಳೆಯ ಗುಂಪುಚಿತ್ರವೊಂದನ್ನು ತೆಗೆದು, ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅದರಲ್ಲಿರುವ ಪ್ರತಿಯೊಬ್ಬರ ಹೆಸರನ್ನೂ ಎಡದಿಂದ ಬಲಕ್ಕೆ ಬರೆದಿಡಬೇಕು. ಮಾತು ಬಿಟ್ಟವರ ಹೆಸರನ್ನೂ ಬರೆಯಬೇಕು. ಅಡುಗೆಯವರು ನಿಂತಿದ್ದರೆ ಅವರ ಹೆಸರನ್ನೂ ಬರೆಯಬೇಕು. ಯಾರೆಂದು ತಿಳಿಯದಿದ್ದಲ್ಲಿ ಶಾಸನ ಸಂಪಾದಕರಂತೆ ಚುಕ್ಕಿ ಇಡಬೇಕು. ಹಿರಿಯರು ಇರುವ ತನಕ ಮಾತ್ರ ಆಗುವ ಕೆಲಸ ಅದು.